ದೆಹಲಿ ಮುಚ್ಚಿಸಿದ ಕೊಬ್ಬರಿ ಪುಟ

ಹೊನ್ನವಳ್ಳಿಯ ಸುನಂದಾಳಿಗೆ ಗಂಡನ ಮೇಲೆ ಪ್ರೀತಿ ಎಷ್ಟಿತ್ತೋ ಹೊಟ್ಟೆಕಿಚ್ಚೂ ಅಷ್ಟೇ ಇತ್ತು. ಕಾಂತೇಶ್ ಬಸ್ಸಿನಲ್ಲಿ ಪಕ್ಕದ ಸೀಟಿನವಳಿಗೆ ಟೈಮು ಹೇಳಿದರೂ ಸಾಕು, ಅವತ್ತು ಮನೆಯ ಸಾರಿಗೆ ಉಪ್ಪು ಬೀಳುತ್ತಿರಲಿಲ್ಲ. ಅಂಥವಳ ಗಂಡ ಬ್ಲಾಗು ಶುರುಮಾಡಿದರೆ ಏನಾಗಬೇಕು?

ಕೊಬ್ಬರಿ ಹರಾಜಿಗೆಂದು ತಿಪಟೂರಿಗೆ ಹೋದವನು ಸೈಬರ್ ಸೆಂಟರಿನಲ್ಲಿ ಕೂತು, ತೆಂಗಿನಕಾಯಿ ಅಟ್ಟದ ಮೇಲೆ ವರ್ಷವಿಡೀ ಒಣಗಿ ಕೊಬ್ಬರಿಯಾಗುವ ಕಥೆ ಬರೆಯುತ್ತಿದ್ದ. ಓದಿ ಹೊಗಳುತ್ತಿದ್ದವಳು ಒಬ್ಬಳೇ, ಚಿಕ್ಕನಾಯಕನಹಳ್ಳಿಯ ಟೀಚರ್ ಮೋನಿಕಾ. ತಿಪಟೂರಿನಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ನಾದಿನಿ ಪದ್ಮಶ್ರೀ ಭಾನುವಾರ ಮನೆಗೆ ಬಂದಾಗ, ಅವರಿಬ್ಬರೂ ಬರೆದುಕೊಂಡದ್ದನ್ನೆಲ್ಲ ಅತ್ತಿಗೆಗೆ ಒಪ್ಪಿಸುತ್ತಿದ್ದಳು.

"ಸರ್, ನಿಮ್ಮ ಅಟ್ಟ ನೋಡ್ಬೇಕು ಅಂತ ಬರ್ದವ್ಳೆ ಅತ್ಗೆ."

"ಅಟ್ಟ ನೋಡ್ತಾಳಂತಾ? ಮೇಲತ್ತಿ ಕಾಯಿ ತಿರುವಾಕೋಳು ನಾನು, ನೋಡೋಳು ಅವ್ಳಾ!"

2006ರ ಜುಲೈನಲ್ಲಿ ಕೆಲವು ಪುಟಗಳನ್ನು ತಡೆಯಿರೆಂದು ದೆಹಲಿಯ ಸರ್ಕಾರ ಆದೇಶಿಸಿತು. ಇಂಟರ್ನೆಟ್ ಕಂಪನಿಗಳು ಅಷ್ಟನ್ನೇ ಆರಿಸುವ ಗೋಜಿಗೆ ಹೋಗದೆ ಇಡೀ ಬ್ಲಾಗು ತಾಣವನ್ನೇ ಮುಚ್ಚಿದವು. ಕೊಬ್ಬರಿಯ ಪುಟವೂ ಹೋಯಿತು. ಸುನಂದಾ ಮಾತ್ರ ಇದೆಲ್ಲ ತನ್ನ ಗಂಡನ ಸಲುವಾಗಿಯೇ ಆದದ್ದೆಂದು ನಂಬಿದಳು.

"ನಿಮ್ಮಿಬ್ಬರ ಸರಸ ಡೆಲ್ಲಿಗಂಟ ಮುಟ್ಟೈತೆ ಕಣ್ರೀ! ಇಲ್ಲಾಂದ್ರೆ ಸರ್ಕಾರ ಯಾಕ್ ಮುಚ್ಚುಸ್ತಿತ್ತು?"

"ಕೊಬ್ಬರಿ ಮೇಲೆ ಸರ್ಕಾರಕ್ಕೇನೇ ಸಿಟ್ಟು? ಬುಡು ಅತ್ಲಾಗೆ" ಎಂದ ಕಾಂತೇಶ್.

ಅವಳು ಬಿಡಲಿಲ್ಲ. ಕೆಂಪಮ್ಮನ ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದಳು. ಪಕ್ಕದ ಮನೆಯ ನನಗೂ ಬಾಳೆಹಣ್ಣು ಸಿಕ್ಕಿತು. ಸರ್ಕಾರದ ಆದೇಶಕ್ಕೆ ಪ್ರಸಾದ ಹಂಚಿದವಳು ಈ ತಾಲ್ಲೂಕಿನಲ್ಲಿ ಇವಳೊಬ್ಬಳೇ ಇರಬೇಕು.

ಆ ಖುಷಿ ವಾರ ಪೂರ್ತಿಯೂ ನಿಲ್ಲಲಿಲ್ಲ. ಭಾನುವಾರ ಬೆಳಿಗ್ಗೆ ಕಾಂತೇಶ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ.

"ಒಳ್ಳೇ ಕೊಬ್ಬರಿ ಒಂದಷ್ಟು ಚೀಲಕ್ಕಾಕು. ಚಿಕ್ನಾಯ್ಕನಳ್ಳಿಗೆ ಹೋಗ್ಬತ್ತೀನಿ. ಸೈಟು ಮುಚ್ಚದ್ ಮೇಲೆ ಮಾತಾಡೋಕೆ ಇನ್ನೇನ್ ದಾರಿ?"

ಸುನಂದಾಳ ಮೈಯೆಲ್ಲ ಉರಿಯಿತು. "ನಾನೂ ಬತ್ತೀನಿ."

"ಜಡಿ ಮಳೆ ಹಿಡ್ದೈತೆ. ಅಟ್ಟದ ಕೆಳಗೆ ಹೊಗೆ ಹಾಕೋರ್ಯಾರು, ಕಾಯೆಲ್ಲ ಬೂಜು ಹಿಡೀಲಾ?" ಎಂದು ಅವನು ಕೊಡೆ ಹಿಡಿದು ಹೊರಟೇಬಿಟ್ಟ.

ಮಧ್ಯಾಹ್ನ ನಾದಿನಿ ಬರುವಾಗ ಸುನಂದಾ ಚಿಪ್ಪುಗಳ ಹೊಗೆಯ ಮುಂದೆ ಕೂತು ಅಳುತ್ತಿದ್ದಳು. ಹೊಗೆಗೆ ಬಂದ ಕಣ್ಣೀರೆಂದು ಸುಳ್ಳನ್ನೂ ಹೇಳಲಿಲ್ಲ.

"ಪುಟ ಇದ್ದಾಗ ಏನ್ ಬರ್ಕೊಂಡ್ರೂ ನೀನ್ ಓದಿ ಹೇಳ್ತಿದ್ದೆ. ಈಗ ಅಲ್ಲಿ ಏನೇನ್ ಮಾತಾಡ್ತಾ ಅವ್ರೋ, ಯಾರನ್ನ ಕೇಳ್ಲಿ ಪದ್ಮಾ?"