ಬೀಡಿಂಗಿನ ಕೆಳಗೊಂದು ಗೀರು

ನನ್ನ ಹಳೆಯ ಕಾರಿನ ಬಾಗಿಲುಗಳಿಗೆ ಹೊರಗಡೆಯಿಂದ ಅಂಟಿಸಿದ್ದ ಕಪ್ಪು ಬೀಡಿಂಗ್ ಪಟ್ಟಿಗಳನ್ನು ಕೀಳಲು ನಾನು ಹೊರಟದ್ದು ತಂಗಿಯ ಸೀರೆಯ ದೆಸೆಯಿಂದ. ಮಾಗಡಿ ಹತ್ತಿರದ ಕೆಂಪಾಪುರದಲ್ಲಿ ನೆಂಟರ ಮನೆಯ ಗೃಹಪ್ರವೇಶ ಮುಗಿಸಿಕೊಂಡು ಹೊರಡುತ್ತಿದ್ದೆವು. ಬಲಗಡೆ ಮುಂದಿನ ಬಾಗಿಲಿನ ಪಟ್ಟಿಯ ತುದಿ ಎಷ್ಟೋ ತಿಂಗಳಿಂದ ಅಂಟು ಬಿಟ್ಟು ಮೇಲೆದ್ದಿತ್ತು. ಹಿಂದಿನ ಸೀಟಿಗೆ ಹತ್ತಲು ಬಂದ ತಂಗಿಯ ಸೆರಗು ಅದಕ್ಕೆ ಸಿಕ್ಕಿ ಗೇಣುದ್ದ ಹರಿಯಿತು.

"ಇವತ್ತೇ ಮೊದ್ಲು ಉಟ್ಟಿದ್ದು ಕಣಣ್ಣ. ಈ ಡಬ್ಬನ ಇನ್ನೂ ಯಾಕ್ ಇಟ್ಕೊಂಡಿದ್ದೀಯೋ" ಎಂದು ಅವಳು ನಮ್ಮ ರಾಮನಗರ ಮುಟ್ಟುವ ತನಕ ಮುಖ ತಿರುಗಿಸಿಕೊಂಡೇ ಕೂತಿದ್ದಳು.

ನಾನು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಮನೆಯಲ್ಲಿ ಏನು ಕೆಟ್ಟರೂ ನಾನೇ ಬಿಚ್ಚಿ ನಾನೇ ಜೋಡಿಸಬೇಕೆಂಬ ಹಟ. ಜೋಡಿಸಿದ ಮೇಲೆ ಎರಡು ಸ್ಕ್ರೂ ಮಿಕ್ಕುವುದು ಬೇರೆ ಮಾತು. ನನ್ನ ಹೆಂಡತಿ ಕೈಲಾಂಚದ ಆಸ್ಪತ್ರೆಯಲ್ಲಿ ನರ್ಸು. ಕಾರು ನಾವು ಹದಿನೆಂಟು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಬಿಳಿ ಕಾರು. ಕೊಂಡಾಗ ಅದಕ್ಕೆ ಬೀಡಿಂಗ್ ಇರಲಿಲ್ಲ. ಮೂರನೆಯ ವರ್ಷವಿರಬೇಕು, ಹತ್ತನೇ ತರಗತಿಯ ಪೇಪರ್ ತಿದ್ದಲು ಮೈಸೂರಿಗೆ ಹೋದವನು ಹನ್ನೆರಡು ದಿನ ಬಿಟ್ಟು ಬಂದಾಗ ನಾಲ್ಕೂ ಬಾಗಿಲಿನ ನಡುವಿಗೆ ನಾಲ್ಕು ಬೆರಳಗಲದ ಪಟ್ಟಿ ಕೂತಿತ್ತು. "ಚೆಂದ ಕಾಣ್ಲಿ ಅಂತ ಹಾಕ್ಸ್ದೆ" ಎಂದಿದ್ದಳು ಹೆಂಡತಿ. ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ರಜೆ ಮುಗಿದು ಸ್ಕೂಲು ತೆರೆದ ದಿನ ಸ್ಟಾಫ್ ರೂಮಿನವರನ್ನೆಲ್ಲ ಹೊರಗೆ ಕರೆದು ತೋರಿಸಿದ್ದೆ.

ಆ ಕಪ್ಪು ಈಗ ಬಿಸಿಲಿಗೆ ಸುಟ್ಟು ಬೂದಿ ಬಣ್ಣಕ್ಕೆ ತಿರುಗಿತ್ತು. ಬೆರಳಿಟ್ಟರೆ ಸೀಮೆಸುಣ್ಣದಂಥ ಪುಡಿ ಹತ್ತುತ್ತಿತ್ತು. ಎಲ್ಲವನ್ನೂ ಕಿತ್ತು, ಉಜ್ಜಿ, ಹೊಸದಾಗಿ ಬಣ್ಣ ಹೊಡೆದು ಅಂಟಿಸಿದರೆ ಒಂದು ಭಾನುವಾರದ ಕೆಲಸ ಎಂದು ಲೆಕ್ಕ ಹಾಕಿದೆ.

"ಅದ್ನ ಮುಟ್ಬ್ಯಾಡಿ. ಆ ತುದಿಗೆ ಒಸಿ ಗೋಂದು ಹಾಕಿ ಒತ್ತುಬುಡಿ, ಸಾಕು" ಎಂದಳು ಹೆಂಡತಿ.

"ಮಾಡಿದ್ರೆ ನೆಟ್ಟಗೆ ಮಾಡ್ಬೇಕು" ಎಂದೆ ನಾನು.

ಭಾನುವಾರ ಬೆಳಗ್ಗೆ ಸ್ಕ್ರೂಡ್ರೈವರ್ ಹಿಡಿದು ಕೂತೆ. ತಂಗಿಯ ಸೀರೆ ಹರಿದ ಪಟ್ಟಿಯಿಂದಲೇ ಶುರು ಮಾಡಿದೆ. ಎದ್ದಿದ್ದ ತುದಿಯ ಕೆಳಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಒಂದಿಂಚು ಬಂತು. ಇನ್ನೊಮ್ಮೆ ಮೀಟಿದಾಗ ಕಾರಿನ ಬಣ್ಣ ಚಕ್ಕೆಯಾಗಿ ಎದ್ದು ತಗಡು ಕಂಡಿತು. ಬಟ್ಟೆ ಇಟ್ಟು ಮೀಟಿದೆ. ಬಟ್ಟೆ ಹರಿಯಿತು. ಅಂಟು ಒಣಗಿ ಕಲ್ಲಾಗಿತ್ತು. ಹತ್ತು ಗಂಟೆಯ ಬಿಸಿಲಿಗೆ ಬೆವರು ಕಣ್ಣಿಗಿಳಿದು, ಕೋಪ ನೆತ್ತಿಗೇರಿ, ಎರಡೂ ಕೈಯಲ್ಲಿ ಪಟ್ಟಿಯನ್ನು ಹಿಡಿದು ಎಳೆದೇಬಿಟ್ಟೆ. ಲಟಕ್ಕೆಂದು ನಡುವಿಗೆ ಮುರಿಯಿತು. ಅರ್ಧ ಕೈಯಲ್ಲಿ, ಅರ್ಧ ಬಾಗಿಲ ಮೇಲೆ.

ಮುಂದಿನ ಎರಡು ವಾರ ಆ ಮುರಿದ ತುಂಡನ್ನು ಕೈಯಲ್ಲಿ ಹಿಡಿದು ಊರೂರು ಅಲೆದೆ. ರಾಮನಗರದ ಬಿಡಿಭಾಗದ ಅಂಗಡಿಯವನು ಅದನ್ನು ತಿರುಗಿಸಿ ನೋಡಿ, "ಇದು ಕಂಪ್ನಿದಲ್ಲ ಸಾರ್, ಯಾರೋ ಲೋಕಲ್ಲಾಗಿ ಹಾಕವ್ರೆ" ಎಂದ. ಚನ್ನಪಟ್ಟಣದಲ್ಲಿ ಸಿಕ್ಕಿದ್ದು ಒಂದು ಬೆರಳು ಕಿರಿದು. ಕನಕಪುರದ ಗುಜರಿಯಲ್ಲಿ ಇಡೀ ಮಧ್ಯಾಹ್ನ ಸತ್ತ ಕಾರುಗಳ ನಡುವೆ ಓಡಾಡಿದೆ. ಗುಜರಿಯವನು ಕುರ್ಚಿಯಿಂದ ಏಳದೆಯೇ, "ಇಂಥ ಅಗಲದ್ನ ಈಗ ಯಾರೂ ಹಾಕ್ಸಲ್ಲ. ಏನಾರ ಮುಚ್ಚಕ್ ಹಾಕ್ಸ್ತಿದ್ರು ಆಗೆಲ್ಲ" ಎಂದ. ಅವನ ಮಾತು ನನ್ನ ಕಿವಿಯ ಮೇಲೆ ಬಿದ್ದು ಹಾಗೇ ಹೋಯಿತು. ಬರುವಾಗ ಕಾಲಿಗೆ ತಗಡು ಗೀರಿ ರಕ್ತ ಬಂದು, ಪ್ಯಾಂಟೂ ಹರಿದಿತ್ತು. ಹೆಂಡತಿ ನೋಡಿ, "ಒಂದು ಇಂಜೆಕ್ಷನ್ ಹಾಕಿಸ್ಕೊಳ್ಳಿ" ಎಂದು ತಾನೇ ಕೊಟ್ಟಳು. ಚುಚ್ಚುವಾಗ ಬೇಕೆಂದೇ ಸ್ವಲ್ಪ ಜೋರಾಗಿ ಚುಚ್ಚಿದಳೆಂದು ನನಗೆ ಅನುಮಾನ.

ನಮ್ಮ ಪಕ್ಕದ ಮನೆಯ ಸಾಹೇಬರದ್ದು ಮೂರು ತಲೆಮಾರಿನಿಂದ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಕಸುಬು. ಮನೆಯ ಹಿಂದೆಯೇ ಅವರ ಶೆಡ್ಡು. ಆ ಎರಡು ವಾರ ಕಳೆದ ಭಾನುವಾರ ನಾನು ಬಲಗಡೆಯ ಹಿಂದಿನ ಬಾಗಿಲ ಮುಂದೆ ಮತ್ತೆ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದನ್ನು ಕಂಡು ಅವರು ಗೇಟು ತೆಗೆದುಕೊಂಡು ಬಂದರು.

"ಮೇಷ್ಟ್ರೇ, ಗೂಡನ್ನ ಬೇಯಿಸದೆ ನೂಲು ಎಳೆದ್ರೆ ಬರ್ತದಾ? ಇದೂ ಹಂಗೇನೇ" ಎಂದರು.

ಅವರು ಶೆಡ್ಡಿಗೆ ಹೋಗಿ ಬಕೆಟ್ಟಿನಲ್ಲಿ ಕುದಿನೀರು ತಂದರು. ಇನ್ನೊಂದು ಕೈಯಲ್ಲಿ ಎಂಟು ಹತ್ತು ಎಳೆ ಸೇರಿಸಿ ಹೊಸೆದ ರೇಷ್ಮೆ ಹುರಿ. ಟವೆಲನ್ನು ಕುದಿನೀರಿನಲ್ಲಿ ಅದ್ದಿ ಪಟ್ಟಿಯ ಮೇಲೆ ಹಾಸಿದೆವು. ಆರಿದ ಹಾಗೆ ಮತ್ತೆ ಅದ್ದಿದೆವು. ಅಂಟು ಮೆತ್ತಗಾದ ಮೇಲೆ ಹುರಿಯನ್ನು ಪಟ್ಟಿಯ ಹಿಂದೆ ತೂರಿಸಿ, ಆ ತುದಿ ಅವರು, ಈ ತುದಿ ನಾನು ಹಿಡಿದು ಗರಗಸ ಎಳೆದಂತೆ ಎಳೆದೆವು. ಬೆಣ್ಣೆ ಕೊಯ್ದ ಹಾಗೆ ಬಂತು. ಬಣ್ಣಕ್ಕೆ ಒಂದು ಗೀರಿಲ್ಲ. ಎರಡು ವಾರದಲ್ಲಿ ನಾನು ನಕ್ಕಿದ್ದು ಆಗಲೇ. ಹಾಗೆಯೇ ಮೊದಲನೆಯದರ ಉಳಿದರ್ಧವನ್ನೂ ತೆಗೆದೆವು.

ಎಡಗಡೆಗೆ ಬಕೆಟ್ ಎತ್ತಿಕೊಂಡು ಹೊರಟಾಗ ಸಾಹೇಬರು ನಿಂತಲ್ಲೇ ನಿಂತರು.

"ಈ ಕಡೆದು ಗಟ್ಟಿಯಾಗೇ ಐತಲ್ಲ ಮೇಷ್ಟ್ರೇ. ಹಂಗೇ ಮೇಲಿಂದ ಬಣ್ಣ ಹೊಡೆದ್ರೆ ಆಯ್ತಪ್ಪ."

"ಎರಡು ಕಡೆ ಎರಡು ಥರ ಆಗ್ತದೆ ಭಾಯ್. ಹಿಡ್ಕೊಳ್ಳಿ" ಎಂದೆ.

ಅವರು ಒಮ್ಮೆ ನಮ್ಮ ಅಡುಗೆಮನೆಯ ಕಿಟಕಿಯ ಕಡೆ ನೋಡಿ, ಹುರಿಯ ತುದಿ ಹಿಡಿದರು. ಎಡಗಡೆಯ ಮುಂದಿನ ಪಟ್ಟಿ ಬಂತು. ಅದರ ಕೊನೆಯಲ್ಲಿ ಒಂದು ಗೆರೆ ಶುರುವಾಗಿತ್ತು. ಹಿಂದಿನ ಬಾಗಿಲಿನ ಪಟ್ಟಿ ತೆಗೆದಾಗ ಆ ಗೆರೆ ಉದ್ದಕ್ಕೂ ಹೋಯಿತು. ತಗಡು ಒಳಗೆ ಕುಸಿದು, ಅದಕ್ಕೆ ಗುಳಿ ಮುಚ್ಚುವ ಪುಟ್ಟಿ ಮೆತ್ತಿ, ಮೇಲೆ ಬೇರೆಯದೇ ಬಿಳಿ ಬಳಿದಿದ್ದರು. ಪುಟ್ಟಿ ಈಗ ಬಿರುಕು ಬಿಟ್ಟು ಅಂಚಿನಲ್ಲಿ ತುಕ್ಕು ಹಿಡಿದಿತ್ತು.

ನನಗೆ ಸಿಟ್ಟು ಬಂತು. "ನೋಡಿದ್ರಾ ಭಾಯ್, ಬೀಡಿಂಗ್ ಹಾಕಿದ ಗ್ಯಾರೇಜಿನವನ ಕೆಲಸ. ತಾನೇ ಎಲ್ಲೋ ಗುದ್ದಿ ಮುಚ್ಚಿ ಕಳಿಸವ್ನೆ. ಹದಿನೈದು ವರ್ಷ ನಮ್ಮ ಕಣ್ಣಿಗೆ ಮಣ್ಣೆರಚವ್ನೆ. ಯಾವ ಗ್ಯಾರೇಜು ಅದು, ಇವಳನ್ನ ಕೇಳಿ ಇವತ್ತೇ ಹೋಗ್ತೀನಿ."

ಸಾಹೇಬರು ಹುರಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನೆಲ ನೋಡುತ್ತಿದ್ದರು. "ಗ್ಯಾರೇಜಿನವನು ಒಳ್ಳೆ ಮನುಷ್ಯ ಮೇಷ್ಟ್ರೇ. ನಿಮ್ಮನೆ ಅಕ್ಕನ ಜೊತೆ ನಾನೇ ಹೋಗಿದ್ದೆ ಅಲ್ಲಿಗೆ. ಇನ್ನು ನನ್ನನ್ನ ಏನೂ ಕೇಳಬೇಡಿ. ಅಕ್ಕನ್ನೇ ಕೇಳಿ" ಎಂದು ಖಾಲಿ ಬಕೆಟ್ ಎತ್ತಿಕೊಂಡು ಹೊರಟುಹೋದರು.

ನಾನು ಒಳಗೆ ಹೋದೆ. ಹೆಂಡತಿ ಮುದ್ದೆಗೆ ಹಿಟ್ಟು ತೊಳಸುತ್ತಿದ್ದಳು. ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಕೋಲು ತಿರುಗಿಸುತ್ತಲೇ, ನಾನು ಕೇಳುವ ಮೊದಲೇ ಹೇಳಿದಳು.

"ಗುದ್ದಿದ್ದು ನಾನು."

ಆ ವರ್ಷ ಅವಳು ಡ್ರೈವಿಂಗ್ ಕಲಿತು ಲೈಸೆನ್ಸ್ ತಗೊಂಡಿದ್ದಳು. ಹಳ್ಳಿಗಳಿಗೆ ಲಸಿಕೆ ಹಾಕಲು ಹೋಗಬೇಕಿತ್ತು, ಬಸ್ಸು ನೆಚ್ಚಿಕೊಂಡರೆ ಅರ್ಧ ದಿನ ರಸ್ತೆಯಲ್ಲೇ. ನಾನು ಮೈಸೂರಿಗೆ ಹೋದ ಮೇಲೆ ಕಾರು ತೆಗೆದುಕೊಂಡು ಕೈಲಾಂಚಕ್ಕೆ ಹೋಗಿಬರುತ್ತಿದ್ದಳು. ನಾಲ್ಕನೆಯ ದಿನ ವಾಪಸ್ ಬರುವಾಗ ತಿರುವಿನಲ್ಲಿ ಹಾಲಿನ ವ್ಯಾನೊಂದು ನಡುರಸ್ತೆಗೇ ಬಂತು. ಅವಳು ಎಡಕ್ಕೆ ಎಳೆದಳು. ಹಿಪ್ಪುನೇರಳೆ ತೋಟದ ಬೇಲಿಗೆ ನೆಟ್ಟಿದ್ದ ಕಲ್ಲುಕಂಬ ಕಾರಿನ ಮಗ್ಗುಲನ್ನು ಉದ್ದಕ್ಕೂ ಗೀರಿತು. ಯಾರಿಗೂ ಏನೂ ಆಗಲಿಲ್ಲ. ವ್ಯಾನು ನಿಲ್ಲಲೂ ಇಲ್ಲ.

"ಹಂಗಾದ್ರೆ ನಿನ್ನ ತಪ್ಪೇನು ಅದ್ರಲ್ಲಿ? ನಂಗೆ ಹೇಳಿದ್ರೆ ಆಗ್ತಿತ್ತಲ್ಲ" ಎಂದೆ.

ಅವಳು ಕೋಲು ನಿಲ್ಲಿಸಿದಳು. "ಅದುಕ್ಕೆ ಹಿಂದಿನ ತಿಂಗಳು ರಿವರ್ಸ್ ತೆಗೆಯುವಾಗ ತುಳಸಿಕಟ್ಟೆಗೆ ಒಸಿ ತಾಗ್ಸಿದ್ದೆ. ನೆನಪೈತಾ? ನಿಮ್ಮ ಸ್ಕೂಲಿನ ನಾಕು ಜನ ಹಜಾರದಲ್ಲಿ ಕಾಫಿ ಕುಡೀತಾ ಇದ್ರು. 'ಅದು ಸೌಟಲ್ಲ ಕಣೇ, ಸ್ಟೇರಿಂಗು' ಅಂದ್ರಿ. ಎಲ್ಲಾರೂ ನಕ್ರು. ನೀವೂ ನಕ್ರಿ."

ನನಗೆ ನೆನಪಿತ್ತು. ಅವಳ ಮುಖವಲ್ಲ, ಆ ನಗು ನೆನಪಿತ್ತು. ಒಳ್ಳೆಯ ಮಾತು ಹೊಳೆಯಿತೆಂದು ಆ ವಾರವೆಲ್ಲ ಬೇರೆ ಕಡೆಯೂ ಹೇಳಿಕೊಂಡು ನಗಿಸಿದ್ದೆ.

"ಕಂಬಕ್ಕೆ ತಾಗಿದಾಗ ಮೊದ್ಲು ತಲೇಗ್ ಬಂದದ್ದು ಏನ್ ಗೊತ್ತಾ, ಈ ಸಲ ಯಾರ್ ಮುಂದೆ ಏನಂತಾರೋ ಅಂತ. ಸಾಹೇಬ್ರು ಸಿಕ್ರು, ಅವ್ರ ಜೊತೆ ಚನ್ನಪಟ್ಟಣಕ್ಕೆ ತಗೊಂಡೋದೆ. ಗ್ಯಾರೇಜಿನವ್ರು, ಪೂರಾ ಬಣ್ಣ ಹೊಡೆಯಕ್ಕೆ ಹದಿನೈದು ದಿನ ಬೇಕು, ಅಷ್ಟ್ರಲ್ಲಿ ಯಜಮಾನ್ರು ಬಂದ್ಬುಡ್ತಾರಲ್ಲಕ್ಕ, ಪುಟ್ಟಿ ತುಂಬಿ ಅಗಲವಾದ್ ಪಟ್ಟಿ ಹಾಕ್ಬುಡ್ತೀನಿ ಅಂದ್ರು. ಒಂದೇ ಕಡೆ ಹಾಕಿದ್ರೆ ಗೊತ್ತಾಗ್ತದಲ್ಲ, ಅದುಕ್ಕೆ ನಾಕೂ ಬಾಗ್ಲಿಗೆ."

ಕೋಲು ಮತ್ತೆ ತಿರುಗತೊಡಗಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಆಮೇಲೆ ಒಂದು ದಿನವೂ ಕಾರು ಮುಟ್ಟಿರಲಿಲ್ಲ. ಕೇಳಿದವರಿಗೆಲ್ಲ ನಾನು, ಅವಳಿಗೆ ಡ್ರೈವಿಂಗಿನಲ್ಲಿ ಆಸಕ್ತಿ ಇಲ್ಲ ಎನ್ನುತ್ತಿದ್ದೆ. ಲಸಿಕೆಯ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಎಷ್ಟು ವರ್ಷ ಅವಳು ಕೈಲಾಂಚದ ಬಸ್ಸಿಗೆ ಕಾದಿದ್ದಳೋ. ಸಂಬಳ ಸ್ವಲ್ಪ ಏರಿದ ಮೇಲೆ ಸ್ಕೂಟರ್ ಕೊಂಡಳು. ಅದನ್ನು ಕಲಿಸಿದ್ದು ಸಾಹೇಬರ ಮನೆಯವರು. ನನ್ನನ್ನು ಕೇಳಿರಲಿಲ್ಲ.

ಅಂದು ಊಟ ಮಾಡುವಾಗ "ತಪ್ಪಾಯ್ತು" ಎಂದೆ. "ಸಾರು ಹಾಕ್ಲಾ?" ಎಂದು ಕೇಳಿದಳು.

ಆಮೇಲಿನ ಕೆಲಸದಲ್ಲಿ ಒಂದಾದರೂ ನೆಟ್ಟಗೆ ಆಗಬಾರದೇ? ಪಟ್ಟಿಗಳ ಹಿಂದಿನ ಅಂಟನ್ನು ಸೀಮೆಎಣ್ಣೆ ಹಾಕಿ ಕೆರೆದೆ. ಉಗುರೆಲ್ಲ ಸವೆಯಿತು. ಎಮರಿ ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜಿದೆ. ಬಣ್ಣದ ಸ್ಪ್ರೇ ಡಬ್ಬಿಯನ್ನು ಹತ್ತಿರ ಹಿಡಿದದ್ದಕ್ಕೆ ಬಣ್ಣ ಕಣ್ಣೀರಿನ ಹಾಗೆ ಇಳಿಯಿತು. ಮತ್ತೆ ಉಜ್ಜಿದೆ. ಎರಡನೆಯ ಸಲ, ಕೆಳಗಿನ ಕೋಟು ಒಣಗುವ ಮೊದಲೇ ಮೇಲೊಂದು ಹೊಡೆದೆ. ಇಡೀ ಪಟ್ಟಿ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಮೂರನೆಯ ಸಲ ಚೆನ್ನಾಗಿ ಬಂತು ಅನ್ನುವಾಗ ಸಾಹೇಬರ ಶೆಡ್ಡಿನ ಕಡೆಯಿಂದ ನೊಣಗಳು ಬಂದು ಅಂಟಿಕೊಂಡವು. ಮಕ್ಕಳಿಗೆ ಲೆಕ್ಕ ತಪ್ಪಿದರೆ ತಾಳ್ಮೆ ಇರಲಿ ಎಂದು ಹೇಳುವ ನಾನು ಡಬ್ಬಿಯನ್ನು ಗೋಡೆಗೆ ಎಸೆದೆ. ಗೋಡೆಯ ಮೇಲೆ ಆ ಕಪ್ಪು ಕಲೆ ಈಗಲೂ ಇದೆ.

ಸಿಟ್ಟು ಬಣ್ಣದ ಮೇಲಲ್ಲ ಎಂದು ನನಗೂ ಗೊತ್ತಿತ್ತು. ಹದಿನೈದು ವರ್ಷದ ಹಿಂದೆ ಆಡಿದ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಯಾವ ಉಪಾಯವೂ ಇರಲಿಲ್ಲ. ಅವಳು ಜಗಳವಾಡಿದ್ದರೂ ನೆಮ್ಮದಿಯಾಗುತ್ತಿತ್ತು. ಅವಳು ಎಂದಿನಂತೆಯೇ ಇದ್ದಳು.

ಪಟ್ಟಿಗಳನ್ನು ಅಂಟಿಸುವ ದಿನ ಕೇಳಿದೆ. "ಎಡಗಡೆ ಪಟ್ಟಿ ಹಾಕ್ದೆ ಹಂಗೇ ಬಿಟ್ಟುಬಿಡ್ಲಾ? ಗೀರು ಕಂಡ್ರೆ ಕಾಣ್ಲಿ."

"ನಿಮ್ಮ ಕಾರು. ನಿಮ್ಮಿಷ್ಟ" ಎಂದಳು.

"ನಮ್ಮ ಕಾರು."

"ಈಗ ನಮ್ದಾಯ್ತಾ?" ಎಂದು ಕೇಳಿ ಅವಳು ಹೂವಿನ ಗಿಡಕ್ಕೆ ನೀರು ಹಾಕತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ ತಾನೇ ಹೇಳಿದಳು: "ತುಕ್ಕು ಕೆರೆದು ಒಸಿ ಬಣ್ಣ ಹಚ್ಚಿ, ಪಟ್ಟಿ ಹಾಕ್ಬುಡಿ. ಹಂಗೇ ಬುಟ್ರೆ ತಗಡು ತೂತಾಯ್ತದೆ. ನೀವು ತಪ್ಪು ಒಪ್ಕೊಂಡಿದ್ದನ್ನ ಊರಿಗೆಲ್ಲ ತೋರಿಸಬೇಕಾಗಿಲ್ಲ."

ಆ ಮಾತು ನನಗೆ ಚುಚ್ಚಿತು. ನಾನು ಗೀರನ್ನು ಹಾಗೇ ಬಿಡಬೇಕೆಂದದ್ದು ನಿಜಕ್ಕೂ ಅದಕ್ಕೇ ಇರಬೇಕು. ಅವಳು ಹೇಳಿದಂತೆ ತುಕ್ಕು ಕೆರೆದೆ, ಬಣ್ಣ ಹಚ್ಚಿದೆ, ಡಬಲ್ ಸೈಡ್ ಟೇಪ್ ಹಾಕಿ ಪಟ್ಟಿಗಳನ್ನು ಒತ್ತಿದೆ. ಮುರಿದದ್ದಕ್ಕೆ ಹಿಂದಿನಿಂದ ತಗಡಿನ ಚೂರು ಕೊಟ್ಟು ಜೋಡಿಸಿದೆ. ಹತ್ತಿರದಿಂದ ನೋಡಿದರೆ ಕಾಣುತ್ತದೆ. ಸಾಹೇಬರು ಬಂದು ಸುತ್ತ ನೋಡಿ, "ದೂರದಿಂದ ಚೆನ್ನಾಗೈತೆ ಮೇಷ್ಟ್ರೇ" ಎಂದರು.

ಒಂದು ರಜೆಯ ದಿನ ಕೂಟಗಲ್ಲಿಗೆ ಹೋಗಬೇಕಿತ್ತು. ಕೀಲಿಕೈಯನ್ನು ಅವಳ ಮುಂದೆ ಹಿಡಿದು, "ನೀನೇ ಓಡ್ಸು" ಎಂದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ ತೆಗೆದುಕೊಂಡಳು. ಸೀಟು ಮುಂದಕ್ಕೆ ಎಳೆದುಕೊಂಡು, ಕನ್ನಡಿ ಸರಿಮಾಡಿಕೊಂಡು, ನಮ್ಮ ಬೀದಿಯ ಕೊನೆಯವರೆಗೆ ನಿಧಾನವಾಗಿ ಹೋದಳು. ನಾನು ಪಕ್ಕದಲ್ಲಿ ಕೂತು, ಹಲ್ಲು ಕಚ್ಚಿಕೊಂಡು, ಒಂದು ಮಾತೂ ಆಡಲಿಲ್ಲ. ಎರಡು ಸಲ ಗೇರು ಕಿರುಚಿತು. ತಿರುವಿನಲ್ಲಿ ಗಾಡಿ ನಿಲ್ಲಿಸಿ ಇಳಿದಳು.

"ಕ್ಲಚ್ಚು ಕಲ್ಲಂಗೈತೆ. ನನ್ನ ಮಂಡಿಗಾಗಲ್ಲ. ನೀವೇ ಬನ್ನಿ" ಎಂದು ಈ ಕಡೆಗೆ ಬಂದು ಕೂತಳು. ಮುಖದಲ್ಲಿ ಕೋಪವಿರಲಿಲ್ಲ, ಸಂತೋಷವೂ ಇರಲಿಲ್ಲ. ದಾರಿಯುದ್ದಕ್ಕೂ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರ ವಿಷಯ ಹೇಳಿದಳು.

ಆ ವಾರವೇ ಗ್ಯಾರೇಜಿಗೆ ಹೋಗಿ ಕ್ಲಚ್ ಕೇಬಲ್ ಹೊಸದು ಹಾಕಿಸಿದೆ. ಈಗ ಹಗುರವಾಗಿದೆ ಎಂದು ಅವಳಿಗೆ ಹೇಳಿದೆ. "ಹೂಂ" ಎಂದು, ಹೆಲ್ಮೆಟ್ ಹಾಕಿಕೊಂಡು, ಡ್ಯೂಟಿಗೆ ಹೊರಟಳು.