ಹಸಿರು ಮುಖದ ಬೀದಿ

ಚಿತ್ರಕಲಾ ಕಾಲೇಜಿನ ಕೊನೆಯ ವರ್ಷದಲ್ಲಿ ನಮ್ಮ ಮೇಷ್ಟ್ರು ಒಂದು ದಪ್ಪ ಪುಸ್ತಕ ತೆರೆದು ತೋರಿಸಿದರು. ಸುಮಾರು ನೂರು ವರ್ಷದ ಹಿಂದೆ ಜರ್ಮನಿಯ ಕೆಲವು ಕಲಾವಿದರು ತಮ್ಮ ಮಹಾನಗರದ ಬಗ್ಗೆ ಬರೆದ ಚಿತ್ರಗಳು ಅದರಲ್ಲಿದ್ದವು. ಬೀದಿ ಓರೆಯಾಗಿ ಮೇಲಕ್ಕೇರುತ್ತದೆ, ಜನ ಸೂಜಿಯ ಹಾಗೆ ಚೂಪಾಗಿದ್ದಾರೆ, ಮುಖಗಳು ಹಸಿರು. ಮೈಗೆ ಮೈ ತಾಗುವಷ್ಟು ಹತ್ತಿರ ನಿಂತಿದ್ದರೂ ಒಬ್ಬರೂ ಇನ್ನೊಬ್ಬರ ಮುಖ ನೋಡುವುದಿಲ್ಲ. "ನೀವಿರೋ ಬೀದೀನ ಇವರ ಕಣ್ಣಲ್ಲಿ ನೋಡಿ ಬರೀರಿ, ಅದೇ ನಿಮ್ಮ ಪರೀಕ್ಷೆ" ಎಂದರು.

ನನಗೆ ಆ ಚಿತ್ರಗಳು ನೋಡಿದ ಕೂಡಲೇ ಅರ್ಥವಾದವು. ಗದಗಿನಿಂದ ಬಂದು ಕಾಮಾಕ್ಷಿಪಾಳ್ಯದಲ್ಲಿ ರೂಮು ಹಿಡಿದಿದ್ದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವ್ವ ಹೇಳಿ ಕಳಿಸಿದ್ದಳು; ನಾನು ಹಾಲನ್ನೂ ನಂಬುತ್ತಿರಲಿಲ್ಲ. ಆಟೋದವರು ಬೇಕೆಂದೇ ಸುತ್ತಿಸುತ್ತಾರೆ, ಪಕ್ಕದ ರೂಮಿನವರು ಗೋಡೆಗೆ ಕಿವಿ ಕೊಡುತ್ತಾರೆ, ಓನರ್ ನಕ್ಕರೆ ಅದಕ್ಕೊಂದು ಕಾರಣವಿದ್ದೇ ಇರುತ್ತದೆ. ಇಡೀ ಬೀದಿಯಲ್ಲಿ ನಾನು ಮಾತಾಡುತ್ತಿದ್ದುದು ಬಸ್ ಸ್ಟಾಪಿನ ಎದುರು ಟೀ ಅಂಗಡಿ ಇಟ್ಟಿದ್ದ ಆಂಟಿಯೊಬ್ಬರ ಜೊತೆ ಮಾತ್ರ; ನಾನೇನು ಓದುತ್ತೇನೆಂದು ಅವರಿಗೂ ಹೇಳಿರಲಿಲ್ಲ.

ಮರುದಿನದಿಂದ ಸಂಜೆ ಗಾರ್ಮೆಂಟ್ಸ್ ಬಿಡುವ ಹೊತ್ತಿಗೆ ಸ್ಕೆಚ್ ಪುಸ್ತಕ ಹಿಡಿದು ಬಸ್ ಸ್ಟಾಪಿನಲ್ಲಿ ನಿಲ್ಲತೊಡಗಿದೆ. ನಮಗೆ ಕಲಿಸಿದ್ದ ಕ್ರಮವೊಂದಿತ್ತು. ಪೆನ್ಸಿಲನ್ನು ಕೈ ಚಾಚಿ ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಬಾಗಿಲು ಎಷ್ಟುದ್ದ, ಬೋರ್ಡು ಎಷ್ಟಗಲ ಎಂದು ಅಳೆದು ಕಾಗದಕ್ಕಿಳಿಸಬೇಕು. ನಾನು ಒಂದೊಂದು ಅಂಗಡಿಯನ್ನೂ ಹೀಗೆ ಅಳೆದೆ.

ಮೂರನೆಯ ದಿನಕ್ಕೆ ಬೀದಿ ಆ ಪುಸ್ತಕದ ಚಿತ್ರದಂತಾಯಿತು. ನಾನು ಪೆನ್ಸಿಲ್ ಎತ್ತಿದರೆ ಇಸ್ತ್ರಿಯವರು ಬೆನ್ನು ತಿರುಗಿಸುತ್ತಿದ್ದರು. ಟೈಲರ್ ಶಟರನ್ನು ಅರ್ಧಕ್ಕೆ ಎಳೆದರು. ಆಂಟಿ ಅಂಗಡಿ ಮುಂದಿನ ಬೆಂಚನ್ನು ಒಳಗಿಟ್ಟರು, ಟೀ ಕೇಳಿದರೆ "ಹಾಲಿಲ್ಲ" ಎಂದರು. ಅವರ ಹಿಂದೆಯೇ ಹಾಲು ಕುದಿಯುತ್ತಿತ್ತು! ನನಗೆ ಸಂಕಟವಾಯಿತು. ಸುಳ್ಳೇಕೆ ಹೇಳಲಿ, ಒಳಗೊಳಗೇ ಖುಷಿಯೂ ಆಯಿತು. ನನ್ನ ಅನುಮಾನ ನಿಜ, ಈ ಊರಿನಲ್ಲಿ ಯಾರಿಗೆ ಯಾರೂ ಇಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿಯಂತೆ, ನನ್ನ ಕಣ್ಣಿಗೆ ಎಲ್ಲ ಹಸಿರು. ದೊಡ್ಡ ಕ್ಯಾನ್ವಾಸಿನ ತುಂಬ ತಿರುಗಿದ ಬೆನ್ನುಗಳನ್ನೂ ಓರೆನೋಟದ ಹಸಿರು ಮುಖಗಳನ್ನೂ ಬರೆದೆ. ಮೇಷ್ಟ್ರು ಬಹಳ ಹೊತ್ತು ನೋಡಿ, "ಈ ಅಪನಂಬಿಕೆ ಇದೆಯಲ್ಲ, ಇದು ಕಲಿಸಿದರೆ ಬರೋದಲ್ಲ" ಎಂದರು.

ಮರುಸಂಜೆ ಮತ್ತೆ ಪುಸ್ತಕ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಆಂಟಿಯೇ ರಸ್ತೆ ದಾಟಿ ನನ್ನ ಹತ್ತಿರ ಬಂದರು. ಕೈಯಲ್ಲಿ ಟೀ ಲೋಟವಿತ್ತು.

"ತಗೊಳ್ಳಿ ಮೇಡಮ್. ನಂದು ಎಷ್ಟು ಅಡಿ ಹೋಗುತ್ತೆ, ಅದೊಂದು ಹೇಳ್ಬಿಡಿ."

ಅಲ್ಲಿಯವರೆಗೆ ಅವರು ನನ್ನನ್ನು "ಬಾರಮ್ಮಾ, ಕೂತ್ಕೋ" ಎಂದೇ ಕರೆಯುತ್ತಿದ್ದುದು. ಮೇಡಮ್ ಎಂದದ್ದು ಕೇಳಿ ಚಾಚಿದ್ದ ಪೆನ್ಸಿಲನ್ನು ಇಳಿಸಿದೆ. ರಸ್ತೆ ಅಗಲ ಮಾಡಲೆಂದು ಪಾಲಿಕೆಯವರು ಆ ತಿಂಗಳೇ ಪಕ್ಕದ ಬೀದಿಯನ್ನು ಅಳೆದು, ಒಡೆಯುವ ಗೋಡೆಗಳಿಗೆ ಕೆಂಪು ಗುರುತು ಹಾಕಿಹೋಗಿದ್ದರು. ನಾನೂ ಅದೇ ಅಳತೆಗೆ ಬಂದವಳೆಂದು ಇಡೀ ಬೀದಿ ತಪ್ಪು ತಿಳಿದುಕೊಂಡಿತ್ತು.

"ಇಲ್ರೀ ಆಂಟಿ, ನಾ ಚಿತ್ರಾ ಬರ್ಯಾಕ ನಿಂತೀನ್ರಿ" ಎಂದು ಪುಸ್ತಕ ತೆರೆದು ತೋರಿಸಿದೆ.

ಅವರು ಒಂದೊಂದೇ ಹಾಳೆ ತಿರುವಿದರು. "ಅಂಗಡಿ ಇರೋದೇ ಎಂಟಡಿ. ಇಷ್ಟು ದಿನದಿಂದ ಗಂಟಲಲ್ಲಿ ಅನ್ನ ಇಳೀತಿಲ್ಲ ನಂಗೆ. ಬಾಯ್ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ನೀವರ ಕೇಳಬೇಕಿತ್ರಿ."

"ಅಳೆಯೋರನ್ನ ಯಾರಾದ್ರೂ ಕೇಳ್ತಾರೇನಮ್ಮಾ?"

ನನಗೆ ತಲೆಯೆತ್ತಲಾಗದಷ್ಟು ನಾಚಿಕೆಯಾಯಿತು. ಮಾರನೆಯ ದಿನ ಬೆಂಚು ಮತ್ತೆ ಹೊರಗೆ ಬಂತು, ಟೈಲರ್ ಶಟರ್ ಪೂರ್ತಿ ಎತ್ತಿದರು. ನಾನು ಕಾಲೇಜಿಗೆ ಹೋಗಿ ಕ್ಯಾನ್ವಾಸಿನ ಹಸಿರನ್ನೆಲ್ಲ ಕೆರೆದು ಅವರವರ ಮೈಬಣ್ಣ ಹಾಕಿದೆ. ಬೆನ್ನುಗಳನ್ನು ಮುಟ್ಟಲಿಲ್ಲ, ಅವರು ಬೆನ್ನು ತಿರುಗಿಸಿದ್ದು ಸುಳ್ಳಲ್ಲವಲ್ಲ. ಮುಂದುಗಡೆ ಒಬ್ಬ ಹುಡುಗಿಯನ್ನು ಸೇರಿಸಿದೆ: ಒಂದು ಕಣ್ಣು ಮುಚ್ಚಿದ್ದಾಳೆ, ಚಾಚಿದ ಕೈಯಲ್ಲಿ ಪೆನ್ಸಿಲ್ ಇದೆ. ಹಸಿರು ಮುಖ ಅವಳೊಬ್ಬಳದೇ. ಮೇಷ್ಟ್ರು ಮೊದಲಿನದೇ ಚೆನ್ನಾಗಿತ್ತು ಎಂದು ಗೊಣಗಿ ಪಾಸು ಮಾಡಿದರು.

ಪ್ರದರ್ಶನದ ದಿನ ಆಂಟಿ ಅಂಗಡಿಗೆ ಬೀಗ ಹಾಕಿ ಬಂದರು. ತಮ್ಮ ಬೆನ್ನನ್ನು ಕೂಡಲೇ ಗುರುತು ಹಿಡಿದು ನಕ್ಕರು. ಆಮೇಲೆ ಮುಂದಿನ ಹುಡುಗಿಯ ಕಡೆ ಬೆರಳು ತೋರಿಸಿ, "ಯಾರಮ್ಮಾ ಇವಳು? ಕಂಡ್ರೆ ಭಯ ಆಗುತ್ತೆ" ಎಂದರು.

"ನಾನ ರೀ, ಆಂಟಿ."

ಅವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಚಿತ್ರ ನೋಡಿದರು. "ಹೂಂ ಕಣಮ್ಮಾ, ಹಿಂಗೇ ಇದ್ದೆ ನೀನು" ಎಂದರು.