ಚಾಡಿ ಆಂಟಿ

ಆಸ್ಪತ್ರೆಯ ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ಹದಿನೇಳು ವರ್ಷದಿಂದ ಅವಳು ಮಾಡುತ್ತಿದ್ದುದು ಒಂದೇ ಕೆಲಸ. ಎದೆಯ ಚರ್ಮದಡಿ ಯಂತ್ರ ಕೂರಿಸಿಕೊಂಡ ಮಕ್ಕಳು ಆರು ತಿಂಗಳಿಗೊಮ್ಮೆ ಅಲ್ಲಿಗೆ ಬರುತ್ತಿದ್ದರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಆ ಯಂತ್ರ, ಹೃದಯ ತಾಳ ತಪ್ಪಿದಾಗ ಸರಿದಾರಿಗೆ ತರುತ್ತದೆ. ಕೆಲವರದು ಶಾಕ್ ಕೂಡ ಕೊಡುತ್ತದೆ. ಎದೆಯ ಮೇಲೊಂದು ಬಿಲ್ಲೆ ಇಟ್ಟರೆ ಸಾಕು, ಒಳಗಿನದು ಆರು ತಿಂಗಳ ಕಥೆಯನ್ನೆಲ್ಲ ಪರದೆಗೆ ಒಪ್ಪಿಸುತ್ತದೆ.

ಬಿಲ್ಲೆಯನ್ನು ಮಕ್ಕಳ ಕೈಯಲ್ಲೇ ಹಿಡಿಸುವುದು ಅವಳ ಪದ್ಧತಿ. ತಣ್ಣಗಿರುತ್ತದೆಂದು ಮೊದಲು ತನ್ನ ಅಂಗೈಯಲ್ಲಿ ಬೆಚ್ಚಗೆ ಮಾಡಿ ಕೊಡುತ್ತಿದ್ದಳು. ಆಮೇಲೆ ಪರದೆ ನೋಡುತ್ತ ಹುಬ್ಬೇರಿಸಿ, "ಓಹೋ, ಭಾನುವಾರ ಮಂಚದ ಮೇಲೆ ಕುಣಿದೋರು ಯಾರಪ್ಪ?" ಅನ್ನುತ್ತಿದ್ದಳು. ಯಂತ್ರಕ್ಕೆ ಮಂಚ ಗೊತ್ತಿಲ್ಲ. ಮೈ ಎಷ್ಟು ಹೊತ್ತು ಅಲುಗಾಡಿತು, ಎದೆ ಎಷ್ಟು ಜೋರಾಗಿ ಬಡಿಯಿತು, ಅಷ್ಟೇ. ಉಳಿದದ್ದು ಅವಳ ಊಹೆ. ಮಕ್ಕಳು ಮಾತ್ರ ಬೆರಗಾಗಿ ಎಲ್ಲವನ್ನೂ ಒಪ್ಪಿಕೊಳ್ಳುತ್ತಿದ್ದರು. ಚಾಡಿ ಆಂಟಿ ಎಂದು ಹೆಸರಿಟ್ಟವರೂ ಅವರೇ. ಮನೆಯಲ್ಲಿ ಅವಳು ಅಕ್ಕನ ಮುಂದೆ ಅದನ್ನು ಹೇಳಿಕೊಂಡು ನಗುತ್ತಿದ್ದಳು.

ಕೋಣೆಗೆ ಒಂದು ನಿಯಮವಿತ್ತು. ಓದುವುದು, ಮುದ್ರಿಸಿ ಒಳಗೆ ಕಳಿಸುವುದು ಅವಳ ಕೆಲಸ. ಹೆತ್ತವರಿಗೆ ವಿವರಿಸುವುದು ಡಾಕ್ಟರ ಕೆಲಸ.

ಮಿಡತೆಗೆ ಒಂಬತ್ತು ವರ್ಷ. ಕುರ್ಚಿಯಲ್ಲಿ ಒಂದು ನಿಮಿಷವೂ ಕೂರುವವಳಲ್ಲವೆಂದು ಅಮ್ಮನೇ ಇಟ್ಟ ಅಡ್ಡಹೆಸರು ಅದು. ಓಡಿದರೆ, ತೀರಾ ಹೆದರಿದರೆ, ಹೃದಯ ಹುಚ್ಚು ಓಟಕ್ಕೆ ಬೀಳುವ ಕಾಯಿಲೆ. ದಿನಾ ಮಾತ್ರೆ, ಎದೆಯಲ್ಲಿ ಶಾಕ್ ಯಂತ್ರ. ನಡೆಯಬಹುದು, ಶಾಲೆಗೆ ಹೋಗಬಹುದು. ಪಂದ್ಯ ಕಟ್ಟಿ ಓಡುವಂತಿಲ್ಲ.

ಆ ದಿನ ಪರದೆಯಲ್ಲಿ ಒಂದು ಶಾಕ್ ಕಂಡಿತು. ಮಂಗಳವಾರ, ಮಧ್ಯಾಹ್ನ ಮೂರೂ ಇಪ್ಪತ್ತು. ಅಮ್ಮ ಹೊರಗೆ ಚೀಟಿ ಮಾಡಿಸುತ್ತಿದ್ದಳು.

"ಹೇಳ್ಬೇಡಿ ಆಂಟಿ," ಅಂದಳು ಮಿಡತೆ. "ಒಂದೇ ಸಲ. ಶಾಲೆ ಗೇಟಿನವರೆಗೆ ಓಡಿದ್ದು."

"ಬಿದ್ಯಾ?"

"ಬಿದ್ದೆ. ಕುದುರೆ ಒದ್ದ ಹಾಗಾಯ್ತು. ಆದ್ರೂ ನಾನೇ ಫಸ್ಟು."

ಡಾಕ್ಟರಿಗೆ ಹೇಳಲೇಬೇಕಿತ್ತು. ಅಷ್ಟಕ್ಕೆ ನಿಲ್ಲಿಸಿದ್ದರೆ ಅವರು ಮಾತ್ರೆ ಏರಿಸಿ, ಎಷ್ಟು ಬಿಡಬೇಕು, ಎಷ್ಟು ತಡೆಯಬೇಕು ಎಂದು ಹೆತ್ತವರಿಗೆ ತಿಳಿಹೇಳುತ್ತಿದ್ದರು. ಆದರೆ ಮಗುವಿಗೇನಾದೀತೋ ಎಂದು ಅವಳಿಗೆ ಭಯವಾಗಿತ್ತು. ಬಾಗಿಲಲ್ಲೇ ಅಮ್ಮನಿಗೆ ಕಾಗದ ತೋರಿಸಿದಳು. "ಇವಳು ಓಡ್ತಿದ್ದಾಳೆ. ಇನ್ನೊಂದ್ಸಲ ಹೀಗಾದ್ರೆ ಉಳಿಯೋದು ಕಷ್ಟ." ಕೊನೆಯ ಮಾತು ಕಾಗದದಲ್ಲಿ ಇರಲಿಲ್ಲ. ಅದನ್ನು ಕೇಳಿದ ಮೇಲೆ ಅಮ್ಮನ ಕಿವಿಗೆ ಡಾಕ್ಟರ ಯಾವ ಮಾತೂ ಬೀಳಲಿಲ್ಲ.

ಆರು ತಿಂಗಳ ನಂತರ ಮಿಡತೆಯನ್ನು ಕರೆತಂದವನು ಅಪ್ಪ, ಬಸ್ ಡ್ರೈವರ್. ಹುಡುಗಿ ದಪ್ಪಗಾಗಿದ್ದಳು, ಕೆನ್ನೆ ಊದಿಕೊಂಡಿತ್ತು. ಕೂರಿಸಿದಲ್ಲಿ ಕೂತಳು.

"ಶಾಲೆ ಬಿಡಿಸಿದ್ವಿ ಮೇಡಂ. ನೀವು ಹೇಳಿದ್ಮೇಲೆ ಸುಮ್ನೆ ಇರೋಕಾಗುತ್ತಾ? ಈಗ ಕುರ್ಚಿ ಬಿಟ್ಟು ಏಳಲ್ಲ, ರಾಣಿ ತರ ಇದ್ದಾಳೆ." ಫೋನು ಬಂತೆಂದು ಹೊರಗೆ ಹೋದ.

ದಿನಕ್ಕೆ ನಾಲ್ಕು ಗಂಟೆ ಅಲುಗಾಡುತ್ತಿದ್ದ ಮೈ ಈಗ ಅರ್ಧ ಗಂಟೆಯೂ ಅಲುಗಾಡುತ್ತಿರಲಿಲ್ಲ. ಪರದೆಯಲ್ಲಿ ಅಲುಗಾಟದ ಗೆರೆ ನೆಲಕ್ಕೆ ಅಂಟಿಕೊಂಡಿತ್ತು. ಆ ಚಪ್ಪಟೆ ಗೆರೆಯ ನಡುವೆ, ಒಂದು ಬುಧವಾರ ಸಂಜೆ ಆರೂ ಹತ್ತಕ್ಕೆ, ಇನ್ನೊಂದು ಶಾಕ್.

"ಓಡಿದ್ಯಾ ಪುಟ್ಟಿ?"

"ಇಲ್ಲ. ಬೀದೀಲಿ ಆಡ್ತಿದ್ರು, ನೋಡೋಣ ಅಂತ ಹೊಸ್ತಿಲಲ್ಲಿ ನಿಂತಿದ್ದೆ. ಅಪ್ಪ ಎಳ್ಕೊಂಡು ಬಂದು ಕುರ್ಚೀಲಿ ಕೂರಿಸಿದ್ರು. ಬೆಲ್ಟ್ ಬಿಚ್ಚಿದ್ರು." ಬಿಲ್ಲೆಯನ್ನು ಎದೆಗೆ ಒತ್ತಿ ಹಿಡಿದೇ ಹೇಳಿದಳು. "ಹೊಡೀಲಿಲ್ಲ. ಅವರಿಗಿಂತ ಮೊದ್ಲು ಇದು ಹೊಡೀತು. ಕಿರುಚ್ಕೊಂಡು ಬಿದ್ದೆ. ನಾಟಕ ಅಂದ್ರು."

ಅವಳು ಕಾಗದ ಮುದ್ರಿಸಿ ಕೈಗೆತ್ತಿಕೊಂಡಳು.

"ಈ ಸಲ ಹೇಳಿ ಆಂಟಿ. ನಾಟಕ ಅಲ್ಲ, ಕಾಗದದಲ್ಲಿದೆ ಅಂತ ಹೇಳಿ. ಹೆದರ್ಸಿದ್ರೂ ಹೀಗಾಗುತ್ತೆ ಅಂತ ಹೇಳಿ. ನೀವು ಹೇಳಿದ್ರೆ ನಂಬ್ತಾರೆ."

ಅಪ್ಪ ಒಳಗೆ ಬಂದ. ಪ್ಯಾಂಟು ಮೇಲೆಳೆದುಕೊಂಡು ಬೆಲ್ಟಿನ ಬಕಲ್ ಸರಿಮಾಡಿಕೊಂಡ. "ಏನಂತೆ ಮೇಡಂ ಪೆಟ್ಟಿಗೆ? ಮತ್ತೆ ಓಡಿದ್ಲಾ?"

ಅವಳು ಬಕಲ್ ನೋಡಿದಳು. "ಇಲ್ಲ. ಉಳಿದದ್ದು ಡಾಕ್ಟರ್ ಹೇಳ್ತಾರೆ. ನಾವು ಹೇಳೋ ಹಾಗಿಲ್ಲ, ರೂಲ್ಸು."

ಮಿಡತೆ ಬಿಲ್ಲೆಯನ್ನು ಅವಳ ಕೈಗೆ ಕೊಡಲಿಲ್ಲ. ಮೇಜಿನ ಮೇಲಿಟ್ಟು, ಒಂದೊಂದೇ ಗುಂಡಿ ಹಾಕಿಕೊಂಡು, ಅಪ್ಪನ ಹಿಂದೆ ಹೋದಳು.

ವರದಿಯಲ್ಲಿ, ಶಾಕ್ ಬಂದಾಗ ಮಗು ಏನು ಮಾಡುತ್ತಿತ್ತು ಎಂಬಲ್ಲಿ, 'ಕುಳಿತಿತ್ತು' ಎಂದು ಬರೆದಳು. ಅದು ಸುಳ್ಳಾಗಿರಲಿಲ್ಲ.

ಹಲಗೆ ಗೋಡೆಯ ಆಚೆಯಿಂದ ಡಾಕ್ಟರ ದನಿ ಕೇಳಿಸಿತು. "ಸುಮ್ಮನೆ ಕೂತಿದ್ದಾಗಲೇ ಹೀಗಾಗಿದೆ ಅಂದ್ರೆ ಮಾತ್ರೆ ಜಾಸ್ತಿ ಮಾಡೋಣ. ಇನ್ನೂ ಸ್ವಲ್ಪ ಎಚ್ಚರವಾಗಿರಿ."

"ಸರಿ ಸಾರ್," ಅಂದ ಅಪ್ಪ. "ಇನ್ಮೇಲೆ ಹೊಸ್ತಿಲಿಗೂ ಬಿಡಲ್ಲ."

ಮುಂದಿನ ಮಗು ಬಾಗಿಲಲ್ಲಿ ನಿಂತಿತ್ತು. ಅವಳ ಅಂಗೈಯಲ್ಲಿ ಬಿಲ್ಲೆ ಆಗಲೇ ಬೆಚ್ಚಗಾಗಿತ್ತು.